ಅಣ್ಣನ ಕೈಯಲ್ಲಿ ಉಯಿಲು, ನಾಡಕಚೇರಿಯಲ್ಲಿ ಪೌತಿ ಅರ್ಜಿ: ಯಾವ ಕಾಗದಕ್ಕೆ ಎಷ್ಟು ಬಲ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕಾರಟಗಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವ್ವ ಇದ್ದಾಳೆ. ಅಣ್ಣ ಒಬ್ಬ, ಹೆಣ್ಣುಮಕ್ಕಳು ನಾವಿಬ್ಬರು. ನನ್ನ ಮದುವೆ 1992ರಲ್ಲಿ, ತಂಗಿಯದು 1999ರಲ್ಲಿ ಆಗಿದೆ. ಅಜ್ಜ ಬದುಕಿದ್ದಾಗಲೇ 1972ರಲ್ಲಿ ರಿಜಿಸ್ಟರ್ ಆದ ಪಾಲುಪತ್ರದಲ್ಲಿ ಅಪ್ಪನ ಪಾಲಿಗೆ 8 ಎಕರೆ ಗದ್ದೆ ಬಂದಿತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಸಂಬಳದಲ್ಲಿ ಆಮೇಲೆ 3 ಎಕರೆ ಕೊಂಡರು. ಊರಲ್ಲಿ ಮನೆ, ಬ್ಯಾಂಕಿನಲ್ಲಿ ಠೇವಣಿ ಇವೆ. ಈಗ ಅಣ್ಣ 2024ರ ಮಾರ್ಚ್ ತಿಂಗಳ ಒಂದು ಉಯಿಲು ತೋರಿಸುತ್ತಿದ್ದಾನೆ. ಎಲ್ಲವೂ ಅವನಿಗೇ ಅಂತ ಅದರಲ್ಲಿದೆ. ರಿಜಿಸ್ಟರ್ ಆಗಿಲ್ಲ. ಅಪ್ಪ ಯಾವಾಗಲೂ ಸಹಿ ಮಾಡುತ್ತಿದ್ದರು, ಇದರಲ್ಲಿ ಹೆಬ್ಬೆಟ್ಟು ಇದೆ. ಲಕ್ವಾ ಹೊಡೆದಿತ್ತು ಎನ್ನುತ್ತಾನೆ. ಕೆಳಗೆ ಅತ್ತಿಗೆಯ ತಮ್ಮನ ಸಹಿ, ಬರೆದವರ ಸಹಿ ಇವೆ. ಪೌತಿ ಖಾತೆಗೂ ಅರ್ಜಿ ಹಾಕಿದ್ದಾನೆ. ಕಚೇರಿಗೆ ಹೋದರೆ ವಂಶವೃಕ್ಷ, ವಾರಸಾ, ಪ್ರೊಬೇಟ್, ಸಕ್ಸೆಷನ್ ಸರ್ಟಿಫಿಕೇಟ್, ನಾಮಿನಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಏನು? ನಮಗೆ ಏನೂ ಸಿಗುವುದಿಲ್ಲವೇ?

ಉತ್ತರ: ಸಿಗುತ್ತದೆ. ಆ ಉಯಿಲು ನೂರಕ್ಕೆ ನೂರು ನಿಜವೆಂದೇ ಇಟ್ಟುಕೊಂಡರೂ 8 ಎಕರೆಯಲ್ಲಿ ನಿಮ್ಮ ಮತ್ತು ತಂಗಿಯವರ ಪಾಲನ್ನು ಅದು ಮುಟ್ಟಲಾರದು. ನೀವು ಹೇಳಿದ ವಿವರ ನೋಡಿದರೆ ಉಯಿಲೇ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟವಿದೆ. ಆದರೆ ಪೌತಿ ಅರ್ಜಿಗೆ, ಅಂದರೆ ಪಹಣಿಯಲ್ಲಿ ಅಪ್ಪನ ಹೆಸರು ತೆಗೆದು ವಾರಸುದಾರರ ಹೆಸರು ಏರಿಸಲು ಹಾಕಿದ ಅರ್ಜಿಗೆ, ತಕರಾರು ಸಲ್ಲಿಸುವುದನ್ನು ಇನ್ನು ಒಂದು ದಿನವೂ ತಡಮಾಡಬೇಡಿ. ಈ ಉತ್ತರ ಪೂರ್ತಿ ಓದುವ ಮೊದಲೇ ಆ ಕೆಲಸ ಮುಗಿಸಿದರೂ ಒಳ್ಳೆಯದೇ.

ಮೊದಲು ಆಸ್ತಿಯ ಬಗೆಯನ್ನು ನೋಡೋಣ. ಉಯಿಲಿನ ಜಗಳ ಬಂದಾಗ ಎಲ್ಲರ ಕಣ್ಣೂ ಉಯಿಲಿನ ಮೇಲೆಯೇ ಇರುತ್ತದೆ; ಅದಕ್ಕೂ ಮುಂಚೆ ಕೇಳಬೇಕಾದದ್ದು, ಬರೆದವರಿಗೆ ಬರೆಯಲು ಎಷ್ಟು ಆಸ್ತಿ ಇತ್ತು ಎಂಬುದು. ತಾವೇ ದುಡಿದು ಕೊಂಡದ್ದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು, ಮಕ್ಕಳಿಗೆ ಬಿಟ್ಟು ಮಠಕ್ಕೂ ಬರೆಯಬಹುದು. ಹಿರಿಯರಿಂದ ಕೂಡುಕುಟುಂಬದ ಆಸ್ತಿಯಾಗಿ ಬಂದದ್ದು ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಇರುತ್ತದೆ. ಹೀಗೆ ಹುಟ್ಟಿನಿಂದ ಹಕ್ಕು ಪಡೆದವರನ್ನು ಕಾನೂನು ಸಹದಾಯಾದಿಗಳು ಎನ್ನುತ್ತದೆ. ಸಹದಾಯಾದಿಯಾಗಿದ್ದ ತಂದೆ ತನ್ನ ಪಾಲಿಗೆ ಮಾತ್ರ ಉಯಿಲು ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 30ನೇ ಕಲಂ ಅಷ್ಟು ಅಧಿಕಾರ ಕೊಟ್ಟಿದೆ, ಅದಕ್ಕಿಂತ ಹೆಚ್ಚು ಕೊಟ್ಟಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಭಾಗದಲ್ಲಿ ಬಹಳ ಇದೆ. ಪಹಣಿಯಲ್ಲಿ ಒಂದು ಕಾಲಕ್ಕೆ ಅಜ್ಜನ ಹೆಸರಿತ್ತು ಎಂದ ಮಾತ್ರಕ್ಕೆ ಜಮೀನು ಪಿತ್ರಾರ್ಜಿತ ಆಗಿಬಿಡುವುದಿಲ್ಲ. ಅಜ್ಜನ ಸ್ವಂತ ಆಸ್ತಿ, ಆ ಕಾಯ್ದೆ ಜಾರಿಗೆ ಬಂದ 1956ರ ಜೂನ್ 17ರ ನಂತರ, ಅಜ್ಜ ಉಯಿಲು ಬರೆಯದೆ ತೀರಿಕೊಂಡು 8ನೇ ಕಲಮಿನಂತೆ ಮಗನಿಗೆ ಬಂದಿದ್ದರೆ ಅದು ಮಗನ ಸ್ವಂತದ್ದು. ಮೊಮ್ಮಕ್ಕಳಿಗೆ ಹುಟ್ಟಿನಿಂದ ಹಕ್ಕು ಬರುವುದಿಲ್ಲ. ಸುಪ್ರೀಂ ಕೋರ್ಟ್ 1986ರಿಂದ ಇದನ್ನು ಹೇಳುತ್ತ ಬಂದಿದೆ. ನಿಮ್ಮ ವಿಷಯ ಬೇರೆ. ಅಜ್ಜ ಬದುಕಿದ್ದಾಗಲೇ ಕುಟುಂಬದ ಜಮೀನು ಪಾಲಾಗಿ ಅಪ್ಪನ ಕೈಗೆ ಬಂದಿದೆ. ಆ ಜಮೀನು ಅಜ್ಜನಿಗೂ ಅವರ ತಂದೆಯಿಂದ ಬಂದಿತ್ತು ಎಂಬುದು ಪಾಲುಪತ್ರದ ಒಕ್ಕಣೆಯಲ್ಲಿದ್ದರೆ ನಿಮ್ಮ ಪಾಲಿಗೆ ಅದು ಪಿತ್ರಾರ್ಜಿತವೇ. ಆದ್ದರಿಂದ ಉಪನೋಂದಣಿ ಕಚೇರಿಯಿಂದ 1972ರ ಪಾಲುಪತ್ರದ ದೃಢೀಕೃತ ನಕಲು ತೆಗೆಸುವುದು ನಿಮ್ಮ ಎರಡನೇ ಕೆಲಸ. ಹಳೆಯ ದಾಖಲೆ ಹುಡುಕುವವರು ಇನ್ನೊಂದು ವಿಷಯ ನೆನಪಿಡಬೇಕು. ಕೊಪ್ಪಳ, ರಾಯಚೂರಿನ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಬಳ್ಳಾರಿ 1953ರವರೆಗೆ ಮದ್ರಾಸಿನ ಕೈಕೆಳಗಿತ್ತು. ಅದಕ್ಕೇ ನಮ್ಮ ಕಡೆಯ ಹಳೇ ಕಾಗದಗಳಲ್ಲಿ ಉರ್ದು, ಬಳ್ಳಾರಿ ಕಡೆಯವುಗಳಲ್ಲಿ ತೆಲುಗು ಕಾಣಿಸುತ್ತದೆ. ನ್ಯಾಯಾಲಯಕ್ಕೆ ಕೊಡುವಾಗ ಜೊತೆಗೆ ಕನ್ನಡ ಅನುವಾದವೂ ಬೇಕಾಗುತ್ತದೆ.

ನಿಮ್ಮ ಮದುವೆ 1992ರಲ್ಲಿ ಆಗಿದೆ, ಹಕ್ಕು ಹೋಯಿತು ಎಂದು ಯಾರಾದರೂ ಹೇಳಿದ್ದರೆ ಅವರ ತಲೆಯಲ್ಲಿರುವುದು ಕರ್ನಾಟಕದ 1994ರ ತಿದ್ದುಪಡಿ. ಅದು 1994ರ ಜುಲೈ 30ರಂದು ಜಾರಿಗೆ ಬಂತು, ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಸಮಪಾಲು ಕೊಟ್ಟಿತ್ತು. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಮಗಳು ಹುಟ್ಟಿನಿಂದಲೇ ಮಗನಂತೆ ಸಹದಾಯಾದಿ. ಮದುವೆ ಯಾವಾಗ ಆಯಿತು ಎಂಬುದು ಲೆಕ್ಕಕ್ಕಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲೇಬೇಕು ಎಂಬ ಹಳೆಯ ವಾದವನ್ನೂ ತೆಗೆದುಹಾಕಿತು. ಹೆಣ್ಣುಮಕ್ಕಳ ಹಕ್ಕಿಗೆ ಅಡ್ಡ ಬರುವುದು 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ಪಾಲು, ಮಾರಾಟಗಳಂಥವು ಮಾತ್ರ. 1972ರ ಪಾಲು ಅಪ್ಪ ಮತ್ತು ಅವರ ಅಣ್ಣತಮ್ಮಂದಿರ ನಡುವಿನದು. ಅಪ್ಪನ ಮಕ್ಕಳಾದ ನಿಮ್ಮ ನಡುವೆ ಪಾಲೇ ಆಗಿಲ್ಲ.

ಈಗ ಲೆಕ್ಕ. ಅಪ್ಪ ತೀರುವ ಕ್ಷಣ ಮೊದಲು 8 ಎಕರೆ ಪಾಲಾಗಿತ್ತು ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ಇದನ್ನು ಕಾಲ್ಪನಿಕ ವಿಭಜನೆ ಎನ್ನುತ್ತಾರೆ. ಅಪ್ಪ, ಅಣ್ಣ, ನೀವು, ತಂಗಿ: ನಾಲ್ಕು ಪಾಲು, ತಲಾ 2 ಎಕರೆ. ಅಪ್ಪನದು ಎನ್ನುವುದು ಈ 2 ಎಕರೆ ಮಾತ್ರ. ಉಯಿಲು ಇಲ್ಲ ಅಥವಾ ಬಿದ್ದುಹೋಯಿತು ಎಂದಾದರೆ ಆ 2 ಎಕರೆ, ಅಂದರೆ 80 ಗುಂಟೆ, ಪ್ರಥಮ ವರ್ಗದ ವಾರಸುದಾರರಾದ ಅವ್ವ ಮತ್ತು ಮೂವರು ಮಕ್ಕಳಿಗೆ ತಲಾ 20 ಗುಂಟೆಯಂತೆ ಹಂಚಿಹೋಗುತ್ತದೆ. ಒಟ್ಟಿನಲ್ಲಿ ಪ್ರತಿ ಮಗುವಿಗೆ 2 ಎಕರೆ 20 ಗುಂಟೆ, ಅವ್ವನಿಗೆ 20 ಗುಂಟೆ. ಉಯಿಲು ಸಾಬೀತಾದರೆ ಅಪ್ಪನ 2 ಎಕರೆ ಅಣ್ಣನಿಗೆ ಹೋಗಿ ಅವನಿಗೆ 4 ಎಕರೆ, ನಿಮಗಿಬ್ಬರಿಗೆ ತಲಾ 2 ಎಕರೆ ಉಳಿಯುತ್ತದೆ. ಅವ್ವನಿಗೆ ಈ ಗದ್ದೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಈ ಉಯಿಲಿನಿಂದ ಹೆಚ್ಚು ಪೆಟ್ಟು ಬೀಳುವುದು ಅವರಿಗೆ. ಅವ್ವ ಮಗನ ಮನೆಯಲ್ಲಿದ್ದಾರೆ ಎಂದು ಅವರನ್ನು ಈ ಮಾತಿನಿಂದ ಹೊರಗಿಡಬೇಡಿ.

ತಂದೆ ಮಕ್ಕಳ ನಡುವೆ ಪಾಲಾದಾಗ ಹೆಂಡತಿಗೂ ಒಂದು ಪಾಲು ಕೊಡುವುದು ಹಿಂದೂ ಕಾನೂನಿನ ಮುಂಬೈ ಶಾಖೆಯ ಪದ್ಧತಿ. ಮದ್ರಾಸ್ ಕಡೆ ಅದು ಬಳಕೆಯಿಂದ ಬಿದ್ದುಹೋಗಿದೆ. ಅವ್ವನ ಪರವಾಗಿ ಆ ಪಾಲನ್ನು ಕೇಳುವುದು ವಕೀಲರ ಕೆಲಸ. ಅದು ಒಪ್ಪಿಗೆಯಾದರೆ ಐದು ಪಾಲಾಗಿ, ಅಪ್ಪನ ಪಾಲು ಮತ್ತೆ ನಾಲ್ವರಿಗೆ ಹಂಚಿ, ಉಯಿಲಿಲ್ಲದಿದ್ದಲ್ಲಿ ಎಲ್ಲರಿಗೂ ಸರಿಯಾಗಿ ತಲಾ 2 ಎಕರೆ ಬರುತ್ತದೆ.

ಸಂಬಳದಲ್ಲಿ ಕೊಂಡ 3 ಎಕರೆಯ ಮಾತು ಬೇರೆ. ಅದು ಪೂರ್ತಿ ಅಪ್ಪನದು. ಉಯಿಲು ನಿಂತರೆ ಪೂರ್ತಿ ಅಣ್ಣನಿಗೆ, ಬಿದ್ದರೆ ನಾಲ್ವರಿಗೂ ತಲಾ 30 ಗುಂಟೆ. ಆ ಖರೀದಿಗೆ 8 ಎಕರೆಯ ಭತ್ತದ ದುಡ್ಡನ್ನೇ ಹಾಕಿದ್ದರು ಎಂದು ದಾಖಲೆಯಿಂದ ತೋರಿಸಲು ಬಂದರೆ ಅದನ್ನೂ ಕುಟುಂಬದ ಆಸ್ತಿ ಎಂದು ವಾದಿಸಬಹುದು. ಬರೀ ಬಾಯಿಮಾತಿನಿಂದ ಅದು ಆಗದು; ಸಂಬಳದಲ್ಲಿ ಕೊಂಡದ್ದು ಎಂದು ನೀವೇ ಬರೆದಿರುವುದರಿಂದ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಮನೆಯದೂ ಇದೇ ಪರೀಕ್ಷೆ: ನಿವೇಶನ ಯಾರದು, ಕಟ್ಟಿಸಿದ ಹಣ ಎಲ್ಲಿಯದು ಎಂಬುದು.

ಇನ್ನು ಉಯಿಲಿಗೆ ಬರೋಣ. ಉಯಿಲು, ವಿಲ್, ಮರಣಶಾಸನ, ಮೃತ್ಯುಪತ್ರ ಎಲ್ಲ ಒಂದೇ. ಸತ್ತ ಮೇಲೆ ನನ್ನ ಆಸ್ತಿ ಹೀಗೆ ಹೋಗಲಿ ಎಂಬ ಬರಹ. ಬದುಕಿರುವವರೆಗೆ ಅದಕ್ಕೆ ಯಾವ ಬಲವೂ ಇಲ್ಲ, ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಉಯಿಲು. ಇಡೀ ಉಯಿಲನ್ನು ಬದಲಿಸದೆ ಒಂದೆರಡು ಅಂಶ ತಿದ್ದುವ ಬರಹಕ್ಕೆ ಪೂರಕ ಉಯಿಲು ಎನ್ನುತ್ತಾರೆ. ಅದಕ್ಕೂ ಸಹಿ ಮತ್ತು ಸಾಕ್ಷಿಯ ನಿಯಮ ಅಷ್ಟೇ ಬಿಗಿ.

ನಿಮ್ಮ ಅಣ್ಣ ತೋರಿಸುತ್ತಿರುವುದು ನಿಜಕ್ಕೂ ಉಯಿಲೇ ಎಂಬುದನ್ನು ಮೊದಲು ಓದಿ ನೋಡಿ. ಮೇಲೆ ಉಯಿಲು ಎಂದು ಬರೆದಿದ್ದು, ಒಳಗೆ ‘ಈ ದಿನದಿಂದಲೇ ನಿನ್ನ ಸ್ವಾಧೀನಕ್ಕೆ ಬಿಟ್ಟಿದ್ದೇನೆ, ಇನ್ನು ನನಗೆ ಹಕ್ಕಿಲ್ಲ’ ಎಂಬ ಮಾತಿದ್ದರೆ ಅದು ಉಯಿಲಲ್ಲ, ದಾನಪತ್ರ. ಸ್ಥಿರಾಸ್ತಿಯ ದಾನಪತ್ರ ಕಡ್ಡಾಯವಾಗಿ ರಿಜಿಸ್ಟರ್ ಆಗಬೇಕು. ಆಗದಿದ್ದರೆ ಅದರಿಂದ ಹಕ್ಕು ದಾಟುವುದಿಲ್ಲ. ಕಾಗದದ ತಲೆಬರಹಕ್ಕಿಂತ ಒಕ್ಕಣೆ ಮುಖ್ಯ. ನಮ್ಮ ಕಡೆ ಬರಹಗಾರರು ಎರಡನ್ನೂ ಕಲಸಿ ಬರೆದ ಪತ್ರಗಳು ಕಡಿಮೆಯಿಲ್ಲ.

ಉಯಿಲೇ ಆಗಿದ್ದರೆ ರಿಜಿಸ್ಟರ್ ಆಗಿಲ್ಲ ಎಂಬುದು ದೋಷವಲ್ಲ. 1908ರ ನೋಂದಣಿ ಕಾಯ್ದೆಯಲ್ಲಿ ಉಯಿಲಿನ ನೋಂದಣಿ ಐಚ್ಛಿಕ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆಯಲ್ಲೇ ಬರೆಯಬಹುದು. ಹೆಬ್ಬೆಟ್ಟೂ ದೋಷವಲ್ಲ, ಸಹಿ ಅಥವಾ ಗುರುತು ಎರಡನ್ನೂ ಕಾನೂನು ಒಪ್ಪುತ್ತದೆ. ನಿಜವಾದ ಪ್ರಶ್ನೆ ಇರುವುದು ಸಾಕ್ಷಿಗಳಲ್ಲಿ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 63ನೇ ಕಲಂ ಕೇಳುವುದು ಇಷ್ಟು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಉಯಿಲು ಮಾಡಿದವರು ಸಹಿ ಮಾಡುವುದನ್ನು ಪ್ರತಿಯೊಬ್ಬ ಸಾಕ್ಷಿಯೂ ಕಣ್ಣಾರೆ ಕಂಡಿರಬೇಕು, ಇಲ್ಲವೇ ಇದು ನನ್ನ ಸಹಿ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲೇ ಸಾಕ್ಷಿ ತನ್ನ ಸಹಿ ಹಾಕಬೇಕು. ಇಬ್ಬರೂ ಸಾಕ್ಷಿಗಳು ಒಂದೇ ಹೊತ್ತಿಗೆ ಇರಬೇಕೆಂದಿಲ್ಲ.

ನೀವು ಹೇಳಿದಂತೆ ಕೆಳಗಿರುವುದು ಅತ್ತಿಗೆಯ ತಮ್ಮನ ಸಹಿ ಮತ್ತು ಬರೆದವರ ಸಹಿ. ಬರೆದವರು ‘ಬಿಕ್ಕಲಂ’ ಎಂದು ಹಾಕಿ ಸಹಿ ಮಾಡಿದ್ದಾರೋ, ಸಾಕ್ಷಿ ಎಂದು ಬರೆದ ಸಾಲಿನಲ್ಲಿ ಮಾಡಿದ್ದಾರೋ ನೋಡಿ. ಇಡೀ ಪ್ರಕರಣ ಈ ಒಂದು ಪದದ ಮೇಲೆ ತಿರುಗಬಹುದು. ಬಿಕ್ಕಲಂ ಎಂದರೆ ಬರೆದ ಕೈ ಇದು ಎಂದಷ್ಟೇ ಅರ್ಥ. ಬರೆದೆ ಎಂದು ಹಾಕಿದ ಸಹಿ ಬೇರೆ, ನೋಡಿದೆ ಎಂದು ಸಾಕ್ಷಿಯಾಗಿ ಹಾಕಿದ ಸಹಿ ಬೇರೆ. ಬರಹಗಾರನ ಸಹಿಯನ್ನು ಸಾಕ್ಷಿಯ ಸಹಿಯ ಜಾಗದಲ್ಲಿ ಕೂರಿಸಲಾಗದು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಹಾಗಾದರೆ ನಿಮ್ಮ ಅಣ್ಣನ ಉಯಿಲಿಗೆ ಸಾಕ್ಷಿ ಒಬ್ಬರೇ ಆಗುತ್ತಾರೆ. ಒಬ್ಬ ಸಾಕ್ಷಿಯ ಉಯಿಲು ಉಯಿಲೇ ಅಲ್ಲ. ಬರಹಗಾರರು ಸಾಕ್ಷಿಯಾಗಿಯೂ ಸಹಿ ಮಾಡಿದ್ದೇನೆ, ಹೆಬ್ಬೆಟ್ಟು ಒತ್ತಿದ್ದನ್ನು ನೋಡಿದ್ದೇನೆ ಎಂದು ಪ್ರಮಾಣ ಮಾಡಿ ಹೇಳಿದರೆ, ಕಾಗದವೂ ಅದಕ್ಕೆ ಹೊಂದಿದರೆ, ಆಗ ಮಾತು ಬೇರೆಯಾಗುತ್ತದೆ.

ಉಯಿಲನ್ನು ಮುಂದಿಡುವವರೇ ಅದನ್ನು ಸಾಬೀತು ಮಾಡಬೇಕು. ಸುಳ್ಳು ಎಂದು ತೋರಿಸುವ ಹೊರೆ ಮೊದಲಿಗೆ ನಿಮ್ಮ ತಲೆಯ ಮೇಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಂತೆ ಕನಿಷ್ಠ ಒಬ್ಬ ಸಾಕ್ಷಿಯನ್ನಾದರೂ ಕಟಕಟೆಗೆ ಕರೆಸಲೇಬೇಕು. ಹಳೆಯ ಕಾಯ್ದೆಯಲ್ಲಿ ಇದೇ 68ನೇ ಕಲಂ ಆಗಿತ್ತು. ಆ ಸಾಕ್ಷಿ ತನ್ನ ಸಹಿಯ ಬಗ್ಗೆ ಮಾತ್ರವಲ್ಲ, ಇನ್ನೊಬ್ಬ ಸಾಕ್ಷಿಯೂ ನಿಯಮದಂತೆ ಸಹಿ ಮಾಡಿದ್ದನ್ನು ಹೇಳಬೇಕಾಗುತ್ತದೆ. ಎಷ್ಟೋ ಉಯಿಲುಗಳು ಪಾಟೀ ಸವಾಲಿನಲ್ಲಿ ಬೀಳುವುದು ಇಲ್ಲಿಯೇ. ‘ನಾನು ಹೋದಾಗ ಕಾಗದ ರೆಡಿ ಇತ್ತು, ಸಹಿ ಮಾಡು ಅಂದರು, ಮಾಡಿದೆ’ ಎಂದು ಸಾಕ್ಷಿ ಹೇಳಿದರೆ ಮುಗಿಯಿತು. ಮೂವತ್ತು ವರ್ಷ ಹಳೆಯ ಕಾಗದಕ್ಕೆ ಸಿಗುವ ವಿನಾಯಿತಿಯೂ ಉಯಿಲಿಗೆ ಸಿಗುವುದಿಲ್ಲ.

ಸಾಕ್ಷಿ ಸರಿಯಿದ್ದರೂ ಅನುಮಾನಾಸ್ಪದ ಸನ್ನಿವೇಶ ಎಂಬ ಇನ್ನೊಂದು ಜರಡಿ ಇದೆ. ಇದರ ಅಡಿಪಾಯ ನಮ್ಮ ಮೈಸೂರು ಸೀಮೆಯ ಒಂದು ಉಯಿಲಿನ ಮೇಲೆ 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ವಕೀಲರು ಇವತ್ತಿಗೂ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಎಂದು ಅದನ್ನೇ ಮೊದಲು ಎತ್ತುತ್ತಾರೆ. ಸಹಿ ನಡುಗಿದೆಯೇ, ಮನಸ್ಸು ಸ್ಥಿರವಾಗಿತ್ತೇ, ಹತ್ತಿರದವರನ್ನು ಕಾರಣವಿಲ್ಲದೆ ಬಿಟ್ಟಿದೆಯೇ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದಾರೆಯೇ ಎಂದು ನ್ಯಾಯಾಲಯ ನೋಡುತ್ತದೆ. ಇಂಥ ಅನುಮಾನಗಳನ್ನು ಕಳೆಯಬೇಕಾದವರೂ ಉಯಿಲು ಮುಂದಿಟ್ಟವರೇ. ನಿಮ್ಮ ವಿಷಯದಲ್ಲಿ ಸಹಿ ಬಲ್ಲವರ ಹೆಬ್ಬೆಟ್ಟು, ಲಾಭ ಪಡೆಯುವವನ ಭಾವಮೈದುನನೇ ಸಾಕ್ಷಿ, ಬದುಕಿರುವ ಹೆಂಡತಿಗೆ ಒಂದು ಗುಂಟೆಯೂ ಇಲ್ಲ. ಮೂರೂ ಉತ್ತರ ಬೇಡುವ ಸಂಗತಿಗಳು. ಹೆಣ್ಣುಮಕ್ಕಳನ್ನು ಬಿಟ್ಟಿರುವುದೊಂದೇ ಉಯಿಲನ್ನು ಕೆಡಿಸುವುದಿಲ್ಲ, ಯಾಕೆಂದರೆ ಸಹಜ ವಾರಸುದಾರರನ್ನು ಬಿಡುವುದಕ್ಕೇ ಜನ ಉಯಿಲು ಬರೆಯುತ್ತಾರೆ. ಇವೆಲ್ಲ ಒಟ್ಟುಗೂಡಿದಾಗ ಭಾರ ಬರುತ್ತದೆ. ಲಕ್ವಾ ಯಾವ ಕೈಗೆ ಹೊಡೆದಿತ್ತು, ಯಾವ ತಿಂಗಳಲ್ಲಿ, ಆಗ ಮಾತು ಬರುತ್ತಿತ್ತೇ ಎಂಬುದಕ್ಕೆ ಆಸ್ಪತ್ರೆಯ ದಾಖಲೆ ಹುಡುಕಿಡಿ. ಮಾರ್ಚ್ 2024ರ ನಂತರ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅಪ್ಪ ಸಹಿ ಮಾಡಿದ ಚೀಟಿ ಒಂದಿದ್ದರೆ ಅಣ್ಣನ ಲಕ್ವಾದ ಕಾರಣಕ್ಕೆ ಅದೇ ಉತ್ತರ.

ಈಗ ಕಚೇರಿಯ ಪದಗಳು.

ಪೌತಿ ಎಂದರೆ ಮರಣ. ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಪಹಣಿಗೆ ಏರಿಸುವುದು. ನಮ್ಮ ಕಡೆ ವಾರಸಾ ಮಾಡಿಸುವುದು ಎನ್ನುವುದೂ ಇದನ್ನೇ. ಇದು ಕಂದಾಯ ಯಾರು ಕಟ್ಟಬೇಕು ಎಂಬ ದಾಖಲೆ. ಮಾಲೀಕತ್ವ ಹುಟ್ಟುವುದು ಇದರಿಂದಲ್ಲ. ಹಾಗಿದ್ದರೂ ಇದನ್ನು ಕಡೆಗಣಿಸಬಾರದು, ಯಾಕೆಂದರೆ ಪಹಣಿಯಲ್ಲಿ ಒಬ್ಬನದೇ ಹೆಸರು ಬಂದ ಮರುದಿನ ಸಾಲ, ಮಾರಾಟ, ಕರಾರು ಶುರುವಾಗುತ್ತವೆ. ಅರ್ಜಿ ಬಂದಾಗ ಹಕ್ಕುಬದಲಾವಣೆಯ ನೋಟಿಸು ಹೊರಡಿಸಿ ಆಕ್ಷೇಪಣೆಗೆ ಸಮಯ ಕೊಡಬೇಕೆಂದು ಭೂಕಂದಾಯ ಕಾಯ್ದೆ 1964ರ 129ನೇ ಕಲಂ ಹೇಳುತ್ತದೆ. ಆ ಸಮಯದೊಳಗೆ ಬರಹದಲ್ಲಿ ತಕರಾರು ಕೊಟ್ಟರೆ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಅರ್ಜಿಯಲ್ಲಿ ಸರ್ವೆ ನಂಬರು, ಹಿಸ್ಸಾ, ಅಪ್ಪನ ಮರಣದ ತಾರೀಕು, ನಾಲ್ವರು ವಾರಸುದಾರರ ಹೆಸರು ಇರಲಿ. ಉಯಿಲನ್ನು ಒಪ್ಪುವುದಿಲ್ಲ, 8 ಎಕರೆ ಪಿತ್ರಾರ್ಜಿತ ಎಂಬ ಎರಡು ವಾಕ್ಯ ಸ್ಪಷ್ಟವಾಗಿರಲಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮೊಹರು, ತಾರೀಕು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದ ತಕರಾರು ತಕರಾರಲ್ಲ. ಆದೇಶ ವಿರುದ್ಧವಾಗಿ ಬಂದರೆ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಉಯಿಲು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ತಹಶೀಲ್ದಾರರ ಕೆಲಸವಲ್ಲ. ಉಯಿಲಿನ ಮೇಲೆ ವಿವಾದವಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಿಕೊಂಡು ಬರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ.

ವಂಶವೃಕ್ಷ ಎನ್ನುವುದು ಕುಟುಂಬದಲ್ಲಿ ಯಾರ್‍ಯಾರು ಇದ್ದಾರೆ, ಯಾರು ತೀರಿಕೊಂಡಿದ್ದಾರೆ ಎಂದು ತೋರಿಸುವ ಕಾಗದ. ನಾಡಕಚೇರಿಯಲ್ಲಿ ಪ್ರಮಾಣಪತ್ರ ಮತ್ತು ಗ್ರಾಮ ಆಡಳಿತಾಧಿಕಾರಿಯ ವರದಿಯ ಮೇಲೆ ಕೊಡುತ್ತಾರೆ. ಇದು ಪಾಲು ಹೇಳುವುದಿಲ್ಲ. ಅಣ್ಣ ಈಗಾಗಲೇ ಪಡೆದಿದ್ದರೆ ನಕಲು ತೆಗೆಸಿ ನಿಮ್ಮಿಬ್ಬರ ಹೆಸರು ಇದೆಯೇ ನೋಡಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವುದು ಈ ಜಗಳಗಳಲ್ಲಿ ಹೆಚ್ಚಾಗಿ ಕಾಣುವ ಮೋಸ. ಬಿಟ್ಟಿದ್ದರೆ ಸುಳ್ಳು ಪ್ರಮಾಣಪತ್ರದ ಮೇಲೆ ಪಡೆದದ್ದು ಎಂದು ರದ್ದತಿಗೆ ಅರ್ಜಿ ಕೊಡಿ.

ಪ್ರೊಬೇಟ್ ಎಂದರೆ ಉಯಿಲು ಸಾಬೀತಾಗಿದೆ ಎಂದು ನ್ಯಾಯಾಲಯ ತನ್ನ ಮೊಹರಿನೊಂದಿಗೆ ಕೊಡುವ ಉಯಿಲಿನ ದೃಢೀಕೃತ ಪ್ರತಿ. ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕ, ಅಂದರೆ ಉಯಿಲಿನಂತೆ ಹಂಚುವ ಹೊಣೆ ಹೊತ್ತವನು, ಇದನ್ನು ಕೇಳುತ್ತಾನೆ. ಹಿಂದಿನ ಕಲ್ಕತ್ತ, ಮದ್ರಾಸ್, ಬೊಂಬಾಯಿ ನಗರಗಳ ಮಟ್ಟಿಗಿದ್ದ ಕಡ್ಡಾಯದ ನಿಯಮ ನಮ್ಮ ಹಳ್ಳಿಗಳ ಹಿಂದೂ ಉಯಿಲುಗಳಿಗೆ ತಾಗುವುದಿಲ್ಲ. ಆದ್ದರಿಂದ ಪ್ರೊಬೇಟ್ ಆಗಿಲ್ಲ ಎಂಬ ವಾದದ ಹಿಂದೆ ಹೋಗಿ ಸಮಯ ಕಳೆಯಬೇಡಿ. ಪಾಲಿನ ದಾವೆಯಲ್ಲೇ ಉಯಿಲಿನ ಸತ್ಯಾಸತ್ಯತೆ ಬಗೆಹರಿಯುತ್ತದೆ.

ಸಕ್ಸೆಷನ್ ಸರ್ಟಿಫಿಕೇಟ್, ಕನ್ನಡದಲ್ಲಿ ಉತ್ತರಾಧಿಕಾರ ಪ್ರಮಾಣಪತ್ರ, ಜಮೀನಿಗೂ ಮನೆಗೂ ಸಂಬಂಧವಿಲ್ಲದ್ದು. ಬ್ಯಾಂಕ್ ಠೇವಣಿ, ಷೇರು, ತೀರಿಕೊಂಡವರಿಗೆ ಬರಬೇಕಾದ ಸಾಲ ಇವನ್ನು ವಸೂಲು ಮಾಡಲು ನ್ಯಾಯಾಲಯ ಕೊಡುವ ಅಧಿಕಾರಪತ್ರ ಅದು. ಅಪ್ಪನ ಠೇವಣಿಗೆ ನಾಮಿನಿ ಇಲ್ಲದಿದ್ದರೆ, ವಾರಸುದಾರರಲ್ಲಿ ಒಮ್ಮತವೂ ಇಲ್ಲದಿದ್ದರೆ, ಬ್ಯಾಂಕು ಇದನ್ನು ಕೇಳುವುದು ಸಹಜ. ನಾಮಿನಿ ಇದ್ದರೆ ಹಣ ಅವನ ಕೈಗೆ ಬರುತ್ತದೆ, ಆದರೆ ಅವನದಾಗುವುದಿಲ್ಲ. ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡವನು ಮಾತ್ರ. ವಿಮೆಯ ಹಣದ ಬಗ್ಗೆ 1983ರ ಡಿಸೆಂಬರ್‌ನಲ್ಲಿ, ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ವಿಮೆಗೆ ಮಾತ್ರ 2015ರಲ್ಲಿ ಕಾನೂನು ತಿದ್ದುಪಡಿಯಾಗಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಅವರ ಸ್ಥಾನ ಗಟ್ಟಿಯಾಗಿದೆ. ಅಪ್ಪನ ವಿಮೆ ಪಾಲಿಸಿ ಇದ್ದರೆ ಅದನ್ನು ಬೇರೆಯಾಗಿ ಕೇಳಿ. ಬ್ಯಾಂಕಿಗೆ ಇವತ್ತೇ ಒಂದು ಪತ್ರ ಬರೆದು ವಾರಸುದಾರರಲ್ಲಿ ವಿವಾದವಿದೆ ಎಂದು ತಿಳಿಸಿ, ಸ್ವೀಕೃತಿ ಪಡೆಯಿರಿ.

ಹಕ್ಕು ಬಿಡುಗಡೆ ಪತ್ರದ ಬಗ್ಗೆ ಯಾರೂ ನಿಮಗೆ ಹೇಳಿದಂತಿಲ್ಲ, ಆದರೆ ಮುಂದೆ ಬರುವುದು ಅದೇ. ‘ತವರುಮನೆ ಬೇಕಲ್ಲ, ಅರಿಶಿನ ಕುಂಕುಮಕ್ಕೆ ಅಂತ ಇಷ್ಟು ತಗೊಂಡು ಸಹಿ ಹಾಕಿಬಿಡು’ ಎಂದು ಹಿರಿಯರು ಕೂತು ಮಾತಾಡುತ್ತಾರೆ. ಮನಸ್ಸಿದ್ದರೆ ಬಿಟ್ಟುಕೊಡುವುದು ನಿಮ್ಮ ಹಕ್ಕು. ಬಿಟ್ಟುಕೊಡುತ್ತಿರುವುದು 2 ಎಕರೆ 20 ಗುಂಟೆ ಎಂಬುದು ಗೊತ್ತಿದ್ದು ಬಿಡಿ. ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನು ಆಮೇಲೆ ಮುರಿಯುವುದು ಬಹಳ ಕಷ್ಟ. ಬಿಳಿ ಹಾಳೆಯ ಒಪ್ಪಿಗೆ ಪತ್ರದಿಂದ ಹಕ್ಕು ಹೋಗದಿದ್ದರೂ ಅದೇ ಹಾಳೆ ನಾಳೆ ತಹಶೀಲ್ದಾರರ ಮುಂದೆ, ನ್ಯಾಯಾಲಯದಲ್ಲಿ ನಿಮ್ಮ ಮೇಲೆ ಬಳಕೆಯಾಗುತ್ತದೆ. ಖಾಲಿ ಕಾಗದಕ್ಕಂತೂ ಯಾವ ಕಾರಣಕ್ಕೂ ಸಹಿ ಬೇಡ, ಅವ್ವನ ಹೆಬ್ಬೆಟ್ಟೂ ಬೇಡ.

ದಾವೆಯ ದಾರಿ ಹೀಗಿದೆ. ಜಮೀನು ಇರುವ ಸೀಮೆಯ ಸಿವಿಲ್ ನ್ಯಾಯಾಲಯದಲ್ಲಿ ಪಾಲು ಮತ್ತು ಪ್ರತ್ಯೇಕ ಸ್ವಾಧೀನ ಕೇಳಿ ದಾವೆ ಹೂಡಬೇಕು. ಉಯಿಲು ತಮಗೆ ಬಂಧನಕಾರಿಯಲ್ಲ ಎಂಬ ಘೋಷಣೆಯನ್ನೂ ಅದರಲ್ಲೇ ಕೇಳಿ. ಅವ್ವ, ತಂಗಿ ಸೇರಿದಂತೆ ಎಲ್ಲ ಪಾಲುದಾರರೂ, ಎಲ್ಲ ಆಸ್ತಿಯೂ ದಾವೆಯಲ್ಲಿರಬೇಕು; ಒಂದು ಸರ್ವೆ ನಂಬರು ಬಿಟ್ಟರೂ ಅದೇ ಒಂದು ತಕರಾರಾಗುತ್ತದೆ. ಜೊತೆಗೇ ಮಾರಾಟ, ಅಡಮಾನ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಪಿತ್ರಾರ್ಜಿತದಿಂದ ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ ಅವಧಿ ಇದೆಯಾದರೂ ಉಯಿಲಿನ ಕುರಿತ ಘೋಷಣೆಗೆ 3 ವರ್ಷದ ಗಡಿಯನ್ನು ಎದುರಿನವರು ಎತ್ತುತ್ತಾರೆ, ಹಾಗಾಗಿ ಉಯಿಲು ಕಂಡ ದಿನದಿಂದ ಮೂರು ವರ್ಷದೊಳಗೆ ಹೂಡುವುದು ಕ್ಷೇಮ. ಬೇಕಾದ ಕಾಗದ: ಮರಣ ಪ್ರಮಾಣಪತ್ರ, ಪಹಣಿ, ಹಳೆಯ ಮ್ಯುಟೇಷನ್ ನಕಲುಗಳು, 1972ರ ಪಾಲುಪತ್ರ, 3 ಎಕರೆಯ ಖರೀದಿಪತ್ರ, ಋಣಭಾರ ಪ್ರಮಾಣಪತ್ರ, ಮನೆಗೆ ಪಂಚಾಯಿತಿಯ ಇ-ಸ್ವತ್ತು ನಮೂನೆ. ಗೆದ್ದಾಗ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಎಂದಷ್ಟೇ ಹೇಳುತ್ತದೆ. ಯಾವ ಬದು, ಯಾವ ಮಡಿ ಯಾರದು ಎಂದು ಅಳೆದು ಕೊಡುವುದು ಅಂತಿಮ ಡಿಕ್ರಿಯಲ್ಲಿ. ಕಂದಾಯದ ಜಮೀನಾದರೂ ಕರ್ನಾಟಕದಲ್ಲಿ ಆ ಹಂಚಿಕೆಯನ್ನು ನ್ಯಾಯಾಲಯವೇ ಮಾಡುತ್ತದೆ, ಬೇಕಾದರೆ ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿಯ ಅಥವಾ ತಾನು ನೇಮಿಸಿದ ಕಮಿಷನರರ ವರದಿ ತರಿಸಿಕೊಳ್ಳುತ್ತದೆ. ಪ್ರಾಥಮಿಕ ಡಿಕ್ರಿ ಹಿಡಿದು ಮನೆಗೆ ಹೋಗಿ ಕೂತವರ ಜಮೀನು ವರ್ಷಗಟ್ಟಲೆ ಇನ್ನೊಬ್ಬರ ನೇಗಿಲಿನಲ್ಲೇ ಉಳಿದಿರುತ್ತದೆ. ಗದ್ದೆಗಾದರೆ ಅಳತೆಯ ಜೊತೆ ಕಾಲುವೆಯ ತೂಬಿನಿಂದ ನೀರು ಬರುವ ದಾರಿಯನ್ನೂ ಡಿಕ್ರಿಯಲ್ಲಿ ಬರೆಸಿಕೊಳ್ಳಿ. ಕೊನೆ ಭಾಗದ ಒಂದು ಎಕರೆಗೂ ತೂಬಿನ ಬಳಿಯ ಒಂದು ಎಕರೆಗೂ ಇರುವ ವ್ಯತ್ಯಾಸ ತುಂಗಭದ್ರಾ ಎಡದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ವಕೀಲರ ಖರ್ಚಿನ ಚಿಂತೆ ಇದ್ದರೆ ಕೇಳಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಅಣ್ಣ ರಾಜಿಗೆ ಬಂದರೆ ಲೋಕ ಅದಾಲತ್‌ನಲ್ಲೇ ಮುಗಿಸಿ, ಯಾಕೆಂದರೆ ಅಲ್ಲಿನ ರಾಜಿಗೆ ಡಿಕ್ರಿಯ ಬಲವಿದೆ, ಪಂಚರ ಮುಂದೆ ಬರೆದ ಕಾಗದಕ್ಕಿಲ್ಲ.

ಇದೇ ಪ್ರಶ್ನೆ ಬೇರೆಯವರಿಗೂ ಬರಬಹುದಾದ್ದರಿಂದ ಎರಡು ಮಾತು ಸೇರಿಸಬೇಕು. ಮೇಲಿನ ಲೆಕ್ಕ ಹಿಂದೂ ಕಾಯ್ದೆಯದು. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿನಿಂದ ಬರುವ ಹಕ್ಕು ಎಂಬುದಿಲ್ಲ. ವಸಿಯತ್ ಬರೆಯುವವರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆದರೆ, ಅಥವಾ ವಾರಸುದಾರರಲ್ಲೇ ಒಬ್ಬರಿಗೆ ಬರೆದರೆ, ಸುನ್ನಿ ಕಾನೂನಿನಂತೆ ಉಳಿದ ವಾರಸುದಾರರು ಮರಣದ ನಂತರ ಒಪ್ಪಬೇಕಾಗುತ್ತದೆ. ಇನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪರವಾನಗಿಯಿಲ್ಲದೆ ಪರಭಾರೆ ಮಾಡಲು 1978ರ ಕಾಯ್ದೆ ಬಿಡುವುದಿಲ್ಲ, ಆದರೆ ಕುಟುಂಬದೊಳಗಿನ ಪಾಲನ್ನೂ ಉಯಿಲನ್ನೂ ಅದು ಪರಭಾರೆ ಎಂದು ಲೆಕ್ಕಿಸುವುದಿಲ್ಲ.

ನಿಮ್ಮ ಅಪ್ಪನ ಬೆಳೆಸಾಲ ಬಾಕಿ ಇದ್ದರೆ ಅದೂ ಆಸ್ತಿಯ ಜೊತೆಗೇ ಬರುತ್ತದೆ, ಆದರೆ ವಾರಸುದಾರರ ಹೊಣೆ ತಾವು ಪಡೆದ ಆಸ್ತಿಯ ಮಟ್ಟಿಗೆ ಮಾತ್ರ. ಸೊಸೈಟಿಯಿಂದ ಬಾಕಿಯ ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ದಾವೆ ಹೂಡುವ ಮೊದಲೇ ಅದು ಕೈಯಲ್ಲಿದ್ದರೆ, ಅಪ್ಪನ ಸಾಲ ನಾನೊಬ್ಬನೇ ತೀರಿಸಿದೆ ಎಂದು ಅಣ್ಣ ಹೇಳಿದಾಗ ಎಷ್ಟು, ಯಾವಾಗ ಎಂದು ಕೇಳಲು ನಿಮ್ಮ ಬಳಿ ಅಂಕಿ ಇರುತ್ತದೆ.